ಹೊಸ ಅಚ್ಚೋ, ಹಳೇ ಅಚ್ಚಿಗೆ ಹೊಸ ಬಣ್ಣವೋ?

ಆ್ಯಕ್ಷನ್ ಫಿಗರ್, ಅಂದರೆ ಕೈಕಾಲಿಗೆ ಕೀಲಿರುವ ಪಾತ್ರದ ಗೊಂಬೆಗಳ ಸಂಗ್ರಹದ ಬಗ್ಗೆ ಕೊಡಗಿನ ಓದುಗರು ಕಳಿಸಿದ ಪ್ರಶ್ನೆಗಳನ್ನು ಈ ಸಂಚಿಕೆಯಲ್ಲಿ ಎತ್ತಿಕೊಂಡಿದ್ದೇವೆ. ಒಂದೇ ವಿಷಯ ಕೇಳಿದವರ ಪತ್ರಗಳನ್ನು ಸೇರಿಸಿ ಒಂದು ಪ್ರಶ್ನೆ ಮಾಡಲಾಗಿದೆ.

ಪ್ರಶ್ನೆ: ನನ್ನ ಹತ್ತಿರ 6 ಇಂಚಿನ ಮಾರ್ವೆಲ್ ಲೆಜೆಂಡ್ಸ್ ಸಾಲಿನ ಸ್ಪೈಡರ್‌ಮ್ಯಾನ್ ಇದೆ. ಮೊಣಕೈ, ಮೊಣಕಾಲಲ್ಲಿ ಪಿನ್ನಿನ ತಲೆ ಕಾಣುವ ಹಳೇ ಮಾದರಿ. ಈಗ ಪಿನ್ ಕಾಣದ ಹೊಸ ವಿನ್ಯಾಸ ಬಂದಿದೆ ಅಂತ ಮಾರುವವರು ಹೆಚ್ಚುಕಡಿಮೆ ದುಪ್ಪಟ್ಟು ಬೆಲೆ ಹೇಳುತ್ತಿದ್ದಾರೆ. ಹಳೇದನ್ನು ಕೊಟ್ಟು ಹೊಸದು ತಗೊಳ್ಳಬಹುದಾ? ಹೇಗೆ ಪರೀಕ್ಷೆ ಮಾಡೋದು?
— ಮಡಿಕೇರಿಯ ಓದುಗರು

ಉತ್ತರ: ಬದಲಾಗಿದ್ದು ಏನು ಅನ್ನುವುದನ್ನು ಮೊದಲು ಇತ್ಯರ್ಥ ಮಾಡಿಕೊಳ್ಳಿ. ಉಕ್ಕಿನ ಅಚ್ಚನ್ನೇ ಹೊಸದಾಗಿ ಮಾಡಿಸಿರಬಹುದು. ಹಳೇ ಮೈಗೆ ಹೊಸ ತಲೆ, ಹೊಸ ಅಂಗೈ ಮಾತ್ರ ಜೋಡಿಸಿರಬಹುದು. ಅಥವಾ ಬರೀ ಬಣ್ಣ ಬದಲಾಗಿರಬಹುದು. ಮೂರಕ್ಕೂ ಮಾರುವವರು ಹೇಳುವುದು ಒಂದೇ: ಹೊಸ ವಿನ್ಯಾಸ. ಅಚ್ಚಿಗೆ ಬೀಳುವ ಖರ್ಚು ದೊಡ್ಡದಾದ್ದರಿಂದ ಒಂದೇ ಮೈಯನ್ನು ಹಲವು ಪಾತ್ರಗಳಿಗೆ ಬಳಸುವುದು ಈ ಉದ್ಯಮದ ವಾಡಿಕೆ. ಅದರಲ್ಲಿ ಮೋಸವೇನೂ ಇಲ್ಲ, ಆದರೆ ದುಪ್ಪಟ್ಟು ಬೆಲೆ ಕೊಡುವಾಗ ಗೊತ್ತಿರಬೇಕು.

ಎರಡನ್ನೂ ಅಕ್ಕಪಕ್ಕ ನಿಲ್ಲಿಸಿ, ಬೆನ್ನು ನೋಡಿ. ಮುಖ, ಎದೆಯ ಮೇಲೆ ಬಣ್ಣ ಕಣ್ಣು ಕಟ್ಟುತ್ತದೆ. ಬೆನ್ನಿನ ಸ್ನಾಯುಗಳ ಏರಿಳಿತ, ಕಂಕುಳಿಂದ ಸೊಂಟದವರೆಗೆ ಇಳಿಯುವ ಅಚ್ಚಿನ ಜೋಡಣೆಗೆರೆ, ಪೃಷ್ಠದ ಹತ್ತಿರದ ಚಿಕ್ಕ ಗುಳಿಗಳು ಸುಳ್ಳು ಹೇಳುವುದಿಲ್ಲ. ಅವು ಒಂದೇ ಥರ ಇದ್ದರೆ ಅಚ್ಚು ಹಳೆಯದೇ. ತೊಡೆಯ ಹಿಂದೆಯೋ ಪಾದದಡಿಯೋ ಇರುವ ಇಸವಿಯನ್ನು ನಂಬಿ ಲೆಕ್ಕ ಹಾಕಬೇಡಿ. ಅದು ಸಾಮಾನ್ಯವಾಗಿ ಆ ಶಿಲ್ಪದ ಕಾಪಿರೈಟ್ ವರ್ಷ, ನಿಮ್ಮ ಕೈಲಿರುವ ಗೊಂಬೆ ತಯಾರಾದ ವರ್ಷ ಅಲ್ಲ. ಹಳೇ ಇಸವಿ ಹೊತ್ತ ಮೈ ಹತ್ತು ವರ್ಷದ ಮೇಲೂ ಹೊಸ ಡಬ್ಬದಲ್ಲಿ ಬರಬಹುದು.

ಪಿನ್ನಿನ ವಿಷಯ. ಹಳೇ ಪದ್ಧತಿಯಲ್ಲಿ ತೋಳು, ಮುಂಗೈ ಬೇರೆ ಬೇರೆ ಎರಕ ಹೊಯ್ದು, ಅಡ್ಡಲಾಗಿ ತೂತಿನೊಳಗೆ ಪಿನ್ ಹೊಡೆಯುತ್ತಿದ್ದರು. ಪಿನ್ನಿನ ಬಣ್ಣ ಮೈಬಣ್ಣಕ್ಕೆ ಹೊಂದದೆ ಚುಕ್ಕೆಯಂತೆ ಕಾಣುತ್ತಿತ್ತು. ಹೊಸ ಪದ್ಧತಿಯಲ್ಲಿ ಕೀಲಿನ ತುಂಡು ಮೈಯೊಳಗೇ ಹುದುಗಿರುತ್ತದೆ, ಹೊರಗೆ ತೂತಿಲ್ಲ. ನೋಟಕ್ಕೆ ನಿಜಕ್ಕೂ ಚಂದ. ಆದರೆ ಪಿನ್ ಇದ್ದಿದ್ದರೆ ಸಣ್ಣ ಉಳಿಯಿಂದ ತಟ್ಟಿ ಹೊರತೆಗೆದು ಕೀಲು ಸರಿಮಾಡಬಹುದಿತ್ತು. ಪಿನ್ ಇಲ್ಲದ್ದು ಒಳಗೆ ಮುರಿದರೆ ಸೀಳದೆ ಬೇರೆ ದಾರಿ ಇಲ್ಲ. ಮಾರುವವರು ಇದನ್ನು ಹೇಳುವುದಿಲ್ಲ.

ಇನ್ನು ಚಲನೆ. ಸ್ಪೈಡರ್‌ಮ್ಯಾನ್ ನೆಟ್ಟಗೆ ನಿಲ್ಲುವ ಪಾತ್ರವಲ್ಲ, ಕುಕ್ಕರಗಾಲಲ್ಲಿ ಕೂರಬೇಕು. ಹಾಗಾಗಿ ಮೊಣಕಾಲಿಂದಲೇ ಶುರು ಮಾಡಿ. ಎರಡು ಕೀಲಿನ ಮೊಣಕಾಲು ಮಡಚಿದಾಗ ಹಿಮ್ಮಡಿ ತೊಡೆಯ ಹಿಂಭಾಗದ ಹತ್ತಿರಕ್ಕೆ ಬರಬೇಕು. ತೊಡೆ ಮುಂದಕ್ಕೆ ಎದ್ದು ಹೊಟ್ಟೆಯನ್ನು ಮುಟ್ಟುವಷ್ಟು ಬರುತ್ತದೆಯೋ, ಸೊಂಟದ ಪ್ಲಾಸ್ಟಿಕ್ಕಿಗೆ ತಗುಲಿ ನಿಂತುಬಿಡುತ್ತದೆಯೋ ನೋಡಿ. ತೋಳು ಪಕ್ಕಕ್ಕೆ ಭುಜದ ಮಟ್ಟಕ್ಕೆ ಏರಬೇಕು. ಭುಜದೊಳಗೆ ಇನ್ನೊಂದು ಕೀಲಿದ್ದು ತೋಳು ಎದೆಯ ಮುಂದಕ್ಕೂ ಬರುತ್ತದಾ? ಸಂಗ್ರಾಹಕರು ಇದನ್ನೇ ಬಟರ್‌ಫ್ಲೈ ಜಾಯಿಂಟ್ ಅನ್ನುವುದು. ಸ್ಪೈಡರ್‌ಮ್ಯಾನ್ ಮಟ್ಟಿಗೆ ಪಿನ್ ಮುಚ್ಚಿದ್ದಕ್ಕಿಂತ ಈ ಒಂದು ಕೀಲು ಹೆಚ್ಚು ಬೆಲೆಯದು. ಕುತ್ತಿಗೆ ಹಿಂದಕ್ಕೆ ಬಾಗದಿದ್ದರೆ ಗೋಡೆ ಹತ್ತುವ ಭಂಗಿಯಲ್ಲಿ ಗೊಂಬೆ ನೆಲ ನೋಡುತ್ತಿರುತ್ತದೆ. ಕೊನೆಗೆ ಪಾದ: ಮುಂದೆ ಹಿಂದೆ ಮಾತ್ರವಲ್ಲ, ಪಕ್ಕಕ್ಕೂ ಓರೆಯಾಗಬೇಕು. ಕಾಲು ಅಗಲಿಸಿ ನಿಲ್ಲಿಸಿದಾಗ ಅಂಗಾಲು ಪೂರ್ತಿ ನೆಲಕ್ಕೆ ತಾಗದಿದ್ದರೆ ಬೀಳುವುದು ಖಂಡಿತ.

ಕೀಲು ಎಷ್ಟು ತಿರುಗುತ್ತದೆ ಅನ್ನುವುದು ಅರ್ಧ ಉತ್ತರ, ತಿರುಗಿಸಿದಲ್ಲಿ ನಿಲ್ಲುತ್ತದಾ ಅನ್ನುವುದು ಉಳಿದರ್ಧ. ಕೈಯನ್ನು ಅಡ್ಡಕ್ಕೆ ಚಾಚಿಸಿ, ಒಂದು ಕಾಲು ಅರ್ಧ ಮಡಚಿ, ಗಾಜಿನ ಮೇಲೆ 24 ಗಂಟೆ ಬಿಡಿ. ಮೊದಲೊಂದು ಫೋಟೊ, ಆಮೇಲೆ ಅದೇ ಜಾಗದಿಂದ ಇನ್ನೊಂದು. ಕೈ ಇಳಿದಿದ್ದರೆ ಅದು ಹೊಸದರಲ್ಲೇ ಸಡಿಲ.

ಎತ್ತರವನ್ನೂ ಅಳೆಯಿರಿ. ಈ ಸಾಲಿನ ಅಳತೆ 1:12. ಕಾಮಿಕ್ಸಿನಲ್ಲಿ ಸ್ಪೈಡರ್‌ಮ್ಯಾನ್ ಎತ್ತರ 5 ಅಡಿ 10 ಇಂಚು, ಅಂದರೆ 70 ಇಂಚು. 12ರಿಂದ ಭಾಗಿಸಿದರೆ ಸುಮಾರು 14.8 ಸೆಂಟಿಮೀಟರ್. ಒಂದಿಷ್ಟು ಹೆಚ್ಚುಕಡಿಮೆ ಇದ್ದದ್ದೇ. ಹೊಸದು 16 ದಾಟಿದರೆ ನಿಮ್ಮ ಹಳೇ ಗುಂಪಿನ ಪಕ್ಕ ಎದ್ದು ಕಾಣುತ್ತದೆ.

ಬಣ್ಣದಲ್ಲಿ ನೋಡಬೇಕಾದ್ದು ಕೀಲಿನ ಸುತ್ತ. ಕೆಂಪು ಪ್ಲಾಸ್ಟಿಕ್ಕನ್ನೇ ಎರಕ ಹೊಯ್ದಿದ್ದರೆ ಉಜ್ಜಿದರೂ ಕೆಂಪೇ. ನೀಲಿ ಪ್ಲಾಸ್ಟಿಕ್ ಮೇಲೆ ಕೆಂಪು ಬಳಿದಿದ್ದರೆ ಕೆಲವು ಸಲ ಮಡಚುವಷ್ಟರಲ್ಲಿ ನೀಲಿ ಇಣುಕುತ್ತದೆ. ಜೇಡಬಲೆಯ ಗೆರೆ ಅಚ್ಚಿನಲ್ಲೇ ಕೊರೆದದ್ದೋ, ಮೇಲೆ ಮುದ್ರಿಸಿದ್ದೋ ಅನ್ನುವುದನ್ನೂ ಉಗುರಲ್ಲಿ ಸವರಿ ತಿಳಿಯಬಹುದು.

ನಮ್ಮ ಅಭಿಪ್ರಾಯ: ಪಿನ್ ಮುಚ್ಚಿದ್ದೊಂದೇ ಬದಲಾವಣೆಯಾದರೆ ದುಪ್ಪಟ್ಟು ಕೊಡಬೇಡಿ. ಭುಜದ ಒಳಕೀಲು, ಓರೆಯಾಗುವ ಪಾದ ಹೊಸದಾಗಿ ಬಂದಿದ್ದರೆ ಯೋಚಿಸಬಹುದು. ಏನೇ ಆದರೂ 24 ಗಂಟೆಯ ಪರೀಕ್ಷೆ ಮುಗಿಯುವವರೆಗೆ ಹಳೇದನ್ನು ಮಾರಬೇಡಿ.

ಪ್ರಶ್ನೆ: ಡಬ್ಬ ಒಡೆದ ದಿನವೇ ಮೊಣಕಾಲು ಅಲ್ಲಾಡಲಿಲ್ಲ. ಬಲ ಹಾಕಿದ್ದಕ್ಕೆ ಕೀಲಿನ ಹತ್ತಿರ ಬೆಳ್ಳಗಾಯಿತು. ಮುರಿಯುತ್ತಾ?
— ಸೋಮವಾರಪೇಟೆಯ ಓದುಗರು

ಉತ್ತರ: ಆ ಬಿಳುಪು ಪ್ಲಾಸ್ಟಿಕ್ ಎಳೆದು ಹಿಗ್ಗಿದ ಗುರುತು. ಇನ್ನೂ ಮುರಿದಿಲ್ಲ, ಮುರಿಯುವ ದಾರಿಯಲ್ಲಿದೆ. ತಕ್ಷಣ ಕೈ ಬಿಡಿ.

ಹೊಸ ಗೊಂಬೆಯ ಕೀಲು ಹಿಡಿದುಕೊಳ್ಳುವುದಕ್ಕೆ ಮುಖ್ಯ ಕಾರಣ ಸಂದಿಗೆ ಇಳಿದು ಒಣಗಿದ ಬಣ್ಣ. ಜೊತೆಗೆ ಡಿಸೆಂಬರ್, ಜನವರಿಯ ಬೆಳಗಿನ ಚಳಿಗೆ ಪಿವಿಸಿ ಪ್ಲಾಸ್ಟಿಕ್ ಇನ್ನಷ್ಟು ಬಿಗಿಯಾಗುತ್ತದೆ. ನೀರು ಕುದಿಸಿ, ಒಲೆಯಿಂದ ಇಳಿಸಿ, ಐದಾರು ನಿಮಿಷ ಆರಲು ಬಿಡಿ. 70 ಡಿಗ್ರಿ ಸೆಲ್ಸಿಯಸ್ ಆಸುಪಾಸು ಸಾಕು. ಕಾಲನ್ನಷ್ಟೇ 30ರಿಂದ 60 ಸೆಕೆಂಡ್ ಮುಳುಗಿಸಿ. ಆಮೇಲೆ ಕೀಲಿನ ಎರಡೂ ಬದಿಯನ್ನು ಕೀಲಿಗೆ ಒತ್ತಿ ಹಿಡಿದು ಒಂದೆರಡು ಡಿಗ್ರಿಯಷ್ಟೇ ಹಿಂದೆ ಮುಂದೆ ಆಡಿಸಿ. ಪಾದ ಹಿಡಿದು ತಿರುಗಿಸಬೇಡಿ. ಕಾಲಿನ ಉದ್ದವೆಲ್ಲ ಸನ್ನೆಯಾಗಿ ಬಲ ಪೂರ್ತಿ ಆ ಸಣ್ಣ ಪಿನ್ನಿನ ಮೇಲೆ ಬೀಳುತ್ತದೆ. ಬಿಡದಿದ್ದರೆ ಮತ್ತೆ ಬಿಸಿನೀರು. ನಾಲ್ಕೈದು ಸುತ್ತು ಬೇಕಾಗಬಹುದು.

ಒಂದು ಅಪಾಯದ ಸೂಚನೆ ನೆನಪಿಡಿ: ಮೊಣಕಾಲು ತಿರುಗಿದಂತೆ ಕಂಡು, ಕೈ ಬಿಟ್ಟೊಡನೆ ತಾನಾಗಿ ಹಿಂದಕ್ಕೆ ಬಂದರೆ ಕೀಲು ತಿರುಗಿಲ್ಲ, ಒಳಗಿನ ಪಿನ್ ಹಿಂಡಿಕೊಂಡಿದೆ. ಇನ್ನೊಂದು ಸಲ ತಿರುಗಿಸಿದರೆ ತುಂಡು. ಟಿಕ್ ಟಿಕ್ ಸದ್ದು ಬರುವುದಾದರೆ ಅದು ರ‍್ಯಾಚೆಟ್ ಕೀಲು (ಹಲ್ಲಿನಿಂದ ಹಲ್ಲಿಗೆ ಜಿಗಿದು ತಿರುಗುವಂಥದ್ದು), ಗಾಬರಿಯಿಲ್ಲ.

ಸಡಿಲವಾದ ಮೇಲೆ ಸೂಜಿಮೊನೆಯಲ್ಲಿ ಒಂದು ಹನಿ ಸಿಲಿಕೋನ್ ಎಣ್ಣೆ. ಕೊಬ್ಬರಿ ಎಣ್ಣೆ ಅಂಟಾಗಿ ಧೂಳು ಹಿಡಿಯುತ್ತದೆ. ತುಕ್ಕು ಬಿಡಿಸುವ ಸ್ಪ್ರೇ, ಹೊಲಿಗೆ ಯಂತ್ರದ ಎಣ್ಣೆ ಬೇಡವೇ ಬೇಡ. ಪೆಟ್ರೋಲಿಯಂ ಮೂಲದವು ಒತ್ತಡದಲ್ಲಿರುವ ಎಬಿಎಸ್ ಎಂಬ ಗಟ್ಟಿ ಪ್ಲಾಸ್ಟಿಕ್ಕನ್ನು ಬಿರುಕು ಬಿಡಿಸಬಲ್ಲವು. ಬಿಳಿ ಗುರುತು ಬಿಸಿಗೆ ಸ್ವಲ್ಪ ಮಾಸುತ್ತದೆ, ಪೂರ್ತಿ ಹೋಗುವುದಿಲ್ಲ.

ಪ್ರಶ್ನೆ: ಅಟ್ಟದ ಪೆಟ್ಟಿಗೆಯಲ್ಲಿ ಫನ್‌ಸ್ಕೂಲ್‌ನವರ ಹಳೇ ಜಿ.ಐ. ಜೋ ಸೈನಿಕ ಗೊಂಬೆಗಳು ಸಿಕ್ಕಿವೆ. ಎರಡರ ಕಾಲು ಸೊಂಟದಿಂದ ಕಳಚಿ ಬಿದ್ದಿದೆ. ಸರಿಮಾಡಬಹುದಾ, ಅಥವಾ ಅದೇ ಪಾತ್ರದ ಹೊಸ 6 ಇಂಚಿನದ್ದು ತಗೊಳ್ಳೋದೇ ಒಳ್ಳೆಯದಾ?
— ವಿರಾಜಪೇಟೆಯ ಓದುಗರು

ಉತ್ತರ: ಎಸೆಯಬೇಡಿ. ಅಮೆರಿಕದ ಆಟಿಕೆ ಕಂಪನಿ ಹ್ಯಾಸ್‌ಬ್ರೋ ಪರವಾನಗಿಯಲ್ಲಿ ಭಾರತದಲ್ಲೇ ತಯಾರಾದ ಈ 3.75 ಇಂಚಿನ ಗೊಂಬೆಗಳಲ್ಲಿ ಕೆಲವಕ್ಕೆ ಅಮೆರಿಕದವಕ್ಕಿಂತ ಬೇರೆಯೇ ಬಣ್ಣ ಇತ್ತು. ಅದಕ್ಕೇ ಹೊರದೇಶದ ಸಂಗ್ರಾಹಕರೂ ಇವನ್ನು ಹುಡುಕುತ್ತಾರೆ.

ಕಾಲು ಬಿದ್ದದ್ದು ಮುರಿದದ್ದಲ್ಲ. ಒಳಗೆ ಒಂದು ಕಪ್ಪು ರಬ್ಬರ್ ಓ-ರಿಂಗ್ ಇದೆ. ಕಾಲುಗಳನ್ನು ಹಿಡಿದ ಲೋಹದ ಕೊಕ್ಕೆಯನ್ನು ಎದೆಯೊಳಗಿನ ಗೂಟಕ್ಕೆ ಎಳೆದು ಹಿಡಿಯುವುದು ಅದೇ. ರಬ್ಬರ್ ವರ್ಷಗಳು ಕಳೆದಂತೆ ಒಣಗಿ ಹರಿಯುತ್ತದೆ. ಬೆನ್ನಿನ ಸ್ಕ್ರೂ ಬಿಚ್ಚಿ. ಸ್ಕ್ರೂಡ್ರೈವರ್ ಸ್ಕ್ರೂವಿನ ತಲೆಗೆ ಸರಿಯಾಗಿ ಕೂರಬೇಕು, ಇಲ್ಲವಾದರೆ ತಲೆ ಸವೆದು ಆಮೇಲೆ ಬಿಚ್ಚಲಾಗದು. ಎದೆ ಎರಡು ಹೋಳಾಗುತ್ತದೆ, ತಲೆ, ತೋಳು ಸಡಿಲವಾಗಿ ಬರುತ್ತವೆ. ಯಾವುದು ಎಡ, ಯಾವುದು ಬಲ ಅಂತ ತಟ್ಟೆಯಲ್ಲಿ ಹಾಗೇ ಇಟ್ಟುಕೊಳ್ಳಿ. ಹರಿದ ರಿಂಗಿನ ತುಂಡನ್ನು ನಲ್ಲಿ ಸಾಮಾನಿನ ಅಂಗಡಿಗೆ ಒಯ್ದು ಅದೇ ದಪ್ಪ, ಅದೇ ಸುತ್ತಳತೆಯದು ಹುಡುಕಿ. ದಪ್ಪ ಹೆಚ್ಚಾದರೆ ಎದೆ ಮುಚ್ಚುವುದಿಲ್ಲ, ಸುತ್ತಳತೆ ಹೆಚ್ಚಾದರೆ ಸೊಂಟ ಜೋತುಬೀಳುತ್ತದೆ. ರಿಂಗನ್ನು ಕೊಕ್ಕೆಗೆ ಸಿಕ್ಕಿಸಿ, ಸೊಂಟದ ತುಂಡಿನ ತೂತಿನಿಂದ ಮೇಲಕ್ಕೆ ಎಳೆದು ಗೂಟಕ್ಕೆ ಹಾಕಿ, ತೋಳು, ತಲೆ ಕೂರಿಸಿ ಮುಚ್ಚಿ. ಸ್ಕ್ರೂ ಬಿಗಿಯಾದ ಮೇಲೆ ಮತ್ತೆ ಕಾಲುಭಾಗ ಸುತ್ತು ಬಿಗಿಯುವ ಆಸೆ ಬೇಡ, ಹಳೇ ಪ್ಲಾಸ್ಟಿಕ್ ಸೀಳುತ್ತದೆ.

ಇವಕ್ಕೆ ಬಂದೂಕು ಹಿಡಿಸುವಾಗ ಹೆಬ್ಬೆರಳು ಮುರಿಯುವುದು ಮಾಮೂಲು. ಬಂದೂಕಿನ ಹಿಡಿಯನ್ನು ಕೆಳಗಿಂದ ಜಾರಿಸಿ, ಪಕ್ಕದಿಂದ ಒತ್ತಬೇಡಿ. ಥಿನ್ನರ್, ಸ್ಪಿರಿಟ್ ಹಾಕಿ ಒರೆಸಿದರೆ ಬಣ್ಣದ ಜೊತೆ ಬೆಲೆಯೂ ಹೋಗುತ್ತದೆ.

ವಿನ್ಯಾಸ ಬದಲಾವಣೆ ಅಂದರೆ ಏನು ಅಂತ ತಿಳಿಯಲು ಇದೇ ಸಾಲು ಒಳ್ಳೆಯ ಪಾಠ. 1982ರ ಮೊದಲ ಗೊಂಬೆಗಳ ತೋಳು ಮೊಣಕೈಯಲ್ಲಿ ಮಡಚುತ್ತಿತ್ತು, ಆದರೆ ತೋಳಿನ ನಡುವೆ ತಿರುಗುತ್ತಿರಲಿಲ್ಲ. ಎರಡೂ ಕೈಯಲ್ಲಿ ಬಂದೂಕು ಹಿಡಿಯಲಾಗುತ್ತಿರಲಿಲ್ಲ. 1983ರಲ್ಲಿ ಮೊಣಕೈ ಮೇಲೆ ಒಂದು ತಿರುಗುಕೀಲು ಸೇರಿಸಿದರು. ಒಂದೇ ಒಂದು ಕೀಲು, ಗೊಂಬೆ ಹಿಡಿಯುವ ರೀತಿಯೇ ಬೇರೆಯಾಯಿತು. 2020ರಲ್ಲಿ ಶುರುವಾದ 6 ಇಂಚಿನ ಕ್ಲಾಸಿಫೈಡ್ ಸಾಲಿನಲ್ಲಿ ಕೀಲುಗಳು ಎಷ್ಟೋ ಹೆಚ್ಚು, ಆದರೆ ಅದು ಬೇರೆ ಅಳತೆಯ ಬೇರೆ ಸಾಮಾನು. ಹಳೇದಕ್ಕೆ ಬದಲಿಯಲ್ಲ.

ಪ್ರಶ್ನೆ: ಟ್ರಾನ್ಸ್‌ಫಾರ್ಮರ್ಸ್ ಮಾಸ್ಟರ್‌ಪೀಸ್ ಆಪ್ಟಿಮಸ್ ಪ್ರೈಮ್ (ಮಡಚಿದರೆ ಲಾರಿಯಾಗುವ ರೋಬೋ) ಮೂರು ವಿನ್ಯಾಸದಲ್ಲಿ ಬಂದಿದೆಯಂತೆ. ಯಾವುದು ಒಳ್ಳೆಯದು?
— ಗೋಣಿಕೊಪ್ಪಲಿನ ಓದುಗರು

ಉತ್ತರ: 2003ರ ಎಂಪಿ-1, 2011ರ ಎಂಪಿ-10, 2019ರ ಎಂಪಿ-44. ಮೊದಲನೆಯದರಲ್ಲಿ ಲೋಹದ ಭಾಗ ಹೆಚ್ಚು, ಕೈಗೆ ಭಾರ, ಆದರೆ ಪಕ್ಕದಲ್ಲಿ ಕಾರಿನ ರೋಬೋಗಳನ್ನು ನಿಲ್ಲಿಸಿದರೆ ತೀರಾ ದೊಡ್ಡದು. ಎರಡನೆಯದನ್ನು ಚಿಕ್ಕದು ಮಾಡಿ ಉಳಿದವುಗಳ ಅಳತೆಗೆ ತಂದರು, ಟ್ರೇಲರ್ ಜೊತೆಗೇ ಬಂತು. ಮೂರನೆಯದು ಕಾರ್ಟೂನಿನ ರೂಪಕ್ಕೆ ತೀರಾ ಹತ್ತಿರ. ಅದಕ್ಕಾಗಿ ಮಡಚುವ ಹಲಗೆಗಳು ಹೆಚ್ಚಾಗಿ ಲಾರಿ ಮಾಡುವುದು ಕಷ್ಟ, ಬೆಲೆಯೂ ಭಾರಿ. ಕೈಯಲ್ಲಿ ಹಿಡಿದು ಮತ್ತೆ ಮತ್ತೆ ಬದಲಿಸುವವರಿಗೆ ನಮ್ಮ ಮತ ಎಂಪಿ-10ಕ್ಕೆ. ಅದರ ನಕಲುಗಳೂ ಧಾರಾಳ ಇವೆ, ಎಚ್ಚರ.

ಪ್ರಶ್ನೆ: ಮಳೆಗಾಲ ಮುಗಿಯುವಷ್ಟರಲ್ಲಿ ಗೊಂಬೆ ಅಂಟಿಸಿ ಬರುವ ರಟ್ಟಿನ ಕಾರ್ಡುಗಳು ಬಾಗಿ, ಬೂಷ್ಟು ಹಿಡಿದು, ಕೆಲವು ಗೊಂಬೆ ಅಂಟಂಟಾಗುತ್ತವೆ. ಕಕ್ಕಡ (ಜುಲೈ-ಆಗಸ್ಟ್) ತಿಂಗಳಲ್ಲಿ ಬಿಸಿಲೇ ಇಲ್ಲ, ಏನು ಮಾಡೋಣ?
— ಭಾಗಮಂಡಲ, ನಾಪೋಕ್ಲು ಕಡೆಯ ಓದುಗರು

ಉತ್ತರ: ಮೂರೂ ಬೇರೆ ಬೇರೆ ರೋಗ. ಕಾರ್ಡು ಬಾಗುವುದು ಒಂದೇ ಮುಖಕ್ಕೆ ಮುದ್ರಣ, ಹೊಳಪು ಇರುವುದರಿಂದ. ಹಿಂದಿನ ಮುಖ ತೇವ ಹೀರಿ ಹಿಗ್ಗುತ್ತದೆ, ಮುಂದಿನದು ಹಿಗ್ಗುವುದಿಲ್ಲ. ಬೂಷ್ಟು ನೇರವಾಗಿ ತೇವದ್ದು. ಅಂಟು ಮಾತ್ರ ಗೊಂಬೆಯ ಒಳಗಿಂದಲೇ ಬರುವುದು: ಪಿವಿಸಿಯನ್ನು ಮೆತ್ತಗಿಡಲು ಬೆರೆಸಿದ ಪ್ಲಾಸ್ಟಿಸೈಜರ್ ಹೊರಗೆ ಒಸರಿ, ಮುಚ್ಚಿದ ಡಬ್ಬದಲ್ಲಿ ಹಾರಿಹೋಗಲಾರದೆ ಮೈಮೇಲೆ ಕೂರುತ್ತದೆ. ಉಗುರುಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ದ್ರವ ಎರಡು ಹನಿ, ಮೆತ್ತನೆ ಬ್ರಷ್, ಆಮೇಲೆ ಫ್ಯಾನ್ ಗಾಳಿಗೆ ಪೂರ್ತಿ ಒಣಗಿಸುವುದು. ಕೀಲಿನೊಳಗೆ ಲೋಹದ ಸ್ಕ್ರೂ, ಪಿನ್ ಇದ್ದರೆ ಮುಳುಗಿಸದೆ ಒದ್ದೆ ಬಟ್ಟೆಯಲ್ಲಿ ಒರೆಸಿ. ಸ್ವಲ್ಪ ಸಮಯದ ಮೇಲೆ ಮತ್ತೆ ಅಂಟಾಗಬಹುದು, ಮತ್ತೆ ತೊಳೆಯುವುದೇ.

ತೇವಕ್ಕೆ: ರಬ್ಬರ್ ಅಂಚಿನ ಗಾಳಿಯಾಡದ ಡಬ್ಬ, 20 ಲೀಟರಿನದಕ್ಕೆ ನೂರಿನ್ನೂರು ಗ್ರಾಂ ಸಿಲಿಕಾ ಜೆಲ್, ಒಳಗೊಂದು ಸಣ್ಣ ಡಿಜಿಟಲ್ ತೇವಮಾಪಕ. 45ರಿಂದ 55 ಪರ್ಸೆಂಟ್ ಇದ್ದರೆ ಸಾಕು, ಅದಕ್ಕಿಂತ ಹೆಚ್ಚು ಒಣಗಿಸಬೇಕಿಲ್ಲ. ಡಬ್ಬ ಮುಚ್ಚಬೇಕಾದ್ದು ಮೇ ತಿಂಗಳಲ್ಲಿ. ಜುಲೈಯಲ್ಲಿ ಮುಚ್ಚಿದರೆ ಮಳೆಯ ಗಾಳಿಯನ್ನೇ ಒಳಗೆ ಕೂಡಿಹಾಕಿದ ಹಾಗೆ. ಕಿತ್ತಳೆ ಬಣ್ಣದ ಜೆಲ್ ಹಸಿರಾದಾಗ 120 ಡಿಗ್ರಿ ಓವನ್ನಿನಲ್ಲಿ ಎರಡು ಗಂಟೆ ಇಟ್ಟರೆ ಮತ್ತೆ ಬಳಕೆಗೆ ಬರುತ್ತದೆ. ನೀಲಿ ಜೆಲ್‌ನಲ್ಲಿ ಕೋಬಾಲ್ಟ್ ಕ್ಲೋರೈಡ್ ಎಂಬ ವಿಷ ಇರುವುದರಿಂದ ಅಡುಗೆಯ ಪಾತ್ರೆ, ಓವನ್ ಹತ್ತಿರ ತರಬೇಡಿ.

ನುಸಿಗುಳಿಗೆ ಹಾಕಬೇಡಿ, ಅದರ ಆವಿಗೆ ಕೆಲವು ಪ್ಲಾಸ್ಟಿಕ್ ಮೆತ್ತಗಾಗುತ್ತದೆ. ಕಪಾಟು ಹೊರಗೋಡೆಗೆ ತಾಗದಂತೆ ಮೂರು ನಾಲ್ಕು ಇಂಚು ಬಿಟ್ಟು ಇಡಿ. ಒಲೆಯ ಮೇಲಿನ ಅಟ್ಟ ಒಣಗಿರುತ್ತದೆ ನಿಜ, ಆದರೆ ಹೊಗೆಯ ಜಿಡ್ಡು ಬಿಳಿ ಪ್ಲಾಸ್ಟಿಕ್ಕಿಗೆ ಹತ್ತಿದರೆ ಬಿಡುವುದಿಲ್ಲ. ಬ್ಯಾಟರಿ ಇದ್ದರೆ ಮೇ ತಿಂಗಳಲ್ಲೇ ತೆಗೆದುಬಿಡಿ. ಕಾರ್ಡಿನ ಬೂಷ್ಟನ್ನು ಒಣಗಿದ ಮೇಲೆ ಒಣ ಬ್ರಷ್ಷಿನಿಂದ, ಮನೆಯ ಹೊರಗೆ ಉದುರಿಸಿ. ಒದ್ದೆ ಬಟ್ಟೆ ತಾಗಿಸಿದರೆ ಮುದ್ರಣ ಎದ್ದುಬರುತ್ತದೆ.

ಪ್ರಶ್ನೆ: 12 ಇಂಚಿನ ಗೊಂಬೆಗೆ ಕುಪ್ಯ (ಕೊಡವ ಗಂಡಸರ ನೀಳ ಕೋಟು), ಚೇಲೆ (ಸೊಂಟಕ್ಕೆ ಕಟ್ಟುವ ರೇಷ್ಮೆ ಪಟ್ಟಿ) ತೊಡಿಸಬೇಕೆಂದಿದ್ದೇನೆ. ಹೊಲಿದು ನೋಡಿದರೆ ದಿಂಬಿನಂತೆ ಉಬ್ಬಿಕೊಳ್ಳುತ್ತದೆ.
— ಪೊನ್ನಂಪೇಟೆಯ ಓದುಗರು

ಉತ್ತರ: 12 ಇಂಚು ಅಂದರೆ 1:6. ನಿಮ್ಮ ಕುಪ್ಯದ ಉದ್ದ 42 ಇಂಚಾದರೆ ಗೊಂಬೆಯದು 7. ಇಷ್ಟನ್ನು ನೀವು ಸರಿಯಾಗೇ ಮಾಡಿರುತ್ತೀರಿ. ತೊಂದರೆ ಏನೆಂದರೆ ಉದ್ದ ಆರರಲ್ಲೊಂದು ಪಾಲಾಯಿತು, ಬಟ್ಟೆಯ ದಪ್ಪ ಆಗಲಿಲ್ಲ. ಕುಪ್ಯದ ಬಟ್ಟೆಯಲ್ಲೇ ಹೊಲಿಯಬೇಡಿ, ತೆಳು ಮಲ್ ಹತ್ತಿ ಬಟ್ಟೆ ತೆಗೆದುಕೊಳ್ಳಿ. ಅಂಚನ್ನು ಎರಡು ಮಡಿಕೆ ಮಾಡದೆ ಒಂದೇ ಮಡಿಕೆ ಮಾಡಿ ಬಟ್ಟೆಯ ಅಂಟಿನಿಂದ ಕೂರಿಸಿ. ಕೆಳ ಅಂಚಿನೊಳಗೆ ಕೂದಲೆಳೆಯ ತಾಮ್ರದ ತಂತಿ ಸೇರಿಸಿದರೆ ಬಟ್ಟೆ ಭಾರಕ್ಕೆ ಇಳಿದು ನಿಲ್ಲುತ್ತದೆ. ಒಳಗಿನ ಬಿಳಿ ಅಂಗಿಯನ್ನು ಪೂರ್ತಿ ಹೊಲಿಯಲೇಬೇಡಿ. ಕಾಲರ್ ಮತ್ತು ಕುಪ್ಯದ ಅರ್ಧ ತೋಳಿನಿಂದ ಹೊರಗೆ ಕಾಣುವ ತೋಳಿನ ಭಾಗ ಸಾಕು, ಅವನ್ನು ಕುಪ್ಯದ ಒಳಗೇ ಟಾಕಿ. ತೊಡಿಸುವ ಮೊದಲು ಅಂಗೈಗಳನ್ನು ಮಣಿಕಟ್ಟಿನಿಂದ ಕಳಚಿ.

ಚೇಲೆಗೆ ನಿಜವಾದ ಜರಿ ತುಂಡು ಕತ್ತರಿಸಿದರೆ ಒಂದೇ ಹೂವು ಸೊಂಟವನ್ನೆಲ್ಲ ತುಂಬುತ್ತದೆ. ಹೂವಿಲ್ಲದ ಕೆಂಪು ರೇಷ್ಮೆಗೆ ಜರಿಯ ಒಂಟಿ ಎಳೆಯಿಂದ ಗೆರೆ ಹಾಕಿ. ಪೀಚೆಕತ್ತಿ (ಸೊಂಟದ ಚಿಕ್ಕ ಕತ್ತಿ), ಒಡಿಕತ್ತಿ (ಅಗಲ ಅಲಗಿನದು) ಕೂಡ ಮನೆಯವನ್ನು ಅಳೆದು ಆರರಿಂದ ಭಾಗಿಸಿ, ಅಲಗಿಗೆ ತೆಳು ಅಲ್ಯೂಮಿನಿಯಂ ಸಾಕು. ಒಡಿಕತ್ತಿ ಸಿಕ್ಕಿಸುವ ಕೊಕ್ಕೆ, ಅಂದರೆ ತೊಡಂಗ್, ಬೆನ್ನ ಹಿಂದೆ ಭಾರ ಹಾಕುವುದರಿಂದ ಗೊಂಬೆ ಹಿಂದಕ್ಕೆ ವಾಲುತ್ತದೆ, ಸೊಂಟ ಹಿಡಿಯುವ ಸ್ಟ್ಯಾಂಡ್ ಬೇಕೇ ಬೇಕು.

ಎಲ್ಲಕ್ಕಿಂತ ಮುಖ್ಯ: ಕಪ್ಪು ಬಟ್ಟೆಯ ಬಣ್ಣ ಪಿವಿಸಿಗೆ, ಸಿಲಿಕೋನ್ ಚರ್ಮದ ಮೈಗೆ ಇಳಿಯುತ್ತದೆ. ಇಳಿದದ್ದು ತೊಳೆದರೆ ಹೋಗದು. ಬಿಸಿನೀರಲ್ಲಿ ಬಟ್ಟೆ ನೆನೆಸಿ, ನೀರು ತಿಳಿಯಾಗುವವರೆಗೆ ತೊಳೆದು, ಬಿಳಿ ಕರವಸ್ತ್ರದ ಮೇಲೆ ಒದ್ದೆ ಬಟ್ಟೆಯನ್ನು ಒತ್ತಿ ಪರೀಕ್ಷಿಸಿ. ಮೈಗೂ ಬಟ್ಟೆಗೂ ನಡುವೆ ತೆಳು ಪಾಲಿಥೀನ್ ಸುತ್ತಿದರೆ ಇನ್ನೂ ಕ್ಷೇಮ. ಮದುಮಗನ ಬಿಳಿ ಕುಪ್ಯ ಮಾಡಿದರೆ ಅರ್ಧ ತಲೆನೋವು ಇಲ್ಲ. ಆದರೂ ಚೇಲೆಯ ಕೆಂಪು ಆ ಬಿಳಿಗೇ ಹತ್ತೀತು, ಅದನ್ನೂ ತೊಳೆದೇ ಕಟ್ಟಿ.

ಪ್ರಶ್ನೆ: ದಸರಾ ಸಮಯದ ಅಂಗಡಿಗಳಲ್ಲಿ ಇನ್ನೂರು ಮುನ್ನೂರಕ್ಕೆ ಸಿಗುವುದಕ್ಕೂ ಆನ್‌ಲೈನಿನಲ್ಲಿ ಮೂರು ಸಾವಿರಕ್ಕೆ ಸಿಗುವುದಕ್ಕೂ ಏನು ವ್ಯತ್ಯಾಸ? ಅಸಲಿ ಅಂತ ಹೇಗೆ ಗೊತ್ತಾಗುತ್ತೆ?
— ಕುಶಾಲನಗರದ ಓದುಗರು

ಉತ್ತರ: ಬೆಲೆಯ ಒಂದು ಪಾಲು ಸುಂಕ. ಆಟಿಕೆಗಳ ಮೂಲ ಆಮದು ಸುಂಕ 2020ರಲ್ಲಿ ಶೇ 20ರಿಂದ 60ಕ್ಕೆ, 2023ರಲ್ಲಿ ಶೇ 70ಕ್ಕೆ ಏರಿತು. 14 ವರ್ಷದೊಳಗಿನ ಮಕ್ಕಳ ಆಟಿಕೆಗೆ 2021ರ ಜನವರಿ 1ರಿಂದ ಐಎಸ್‌ಐ ಗುರುತು ಕಡ್ಡಾಯ. ಮಗುವಿನ ಕೈಗೆ ಕೊಡುವುದಾದರೆ ಆ ಗುರುತು ಇಲ್ಲದ್ದನ್ನು ತರಲೇಬೇಡಿ, ಅಸಲಿ ನಕಲಿ ಆಮೇಲಿನ ಮಾತು.

ನಕಲಿಯನ್ನು ಮೂಗೇ ಮೊದಲು ಹಿಡಿಯುತ್ತದೆ: ಸೀಮೆಎಣ್ಣೆಯಂಥ ಗಾಟು. ಮೈಮೇಲೆ ಕಾಪಿರೈಟ್ ಬರಹ ಇರುವುದಿಲ್ಲ, ಇದ್ದರೂ ಅಕ್ಷರ ಕರಗಿದಂತಿರುತ್ತದೆ. ಅಸಲಿಯನ್ನೇ ಮಾದರಿ ಇಟ್ಟುಕೊಂಡು ಅಚ್ಚು ತೆಗೆದಿದ್ದರೆ ಪ್ಲಾಸ್ಟಿಕ್ ಆರುವಾಗ ಕುಗ್ಗುವುದರಿಂದ ಗೊಂಬೆ ಅಸಲಿಗಿಂತ ಕೂದಲೆಳೆಯಷ್ಟು ಗಿಡ್ಡ. ಅಸಲಿಯ ಕತ್ತಿ, ಅಂಗೈ ಇದಕ್ಕೆ ಸರಿಯಾಗಿ ಕೂರುವುದಿಲ್ಲ. ಆನ್‌ಲೈನಿನಲ್ಲಿ ತರಿಸಿದರೆ ವಿಳಾಸದ ಚೀಟಿ ಕಾಣುವಂತೆ ಶುರುಮಾಡಿ, ಎಲ್ಲೂ ನಿಲ್ಲಿಸದೆ, ಡಬ್ಬ ಬಿಚ್ಚುವ ವಿಡಿಯೊ ಮಾಡಿಟ್ಟುಕೊಳ್ಳಿ. ವಾಪಸ್ ಕಳಿಸುವ ಅವಧಿ ಮುಗಿಯುವ ಮೊದಲೇ ಒಂದೊಂದು ಕೀಲನ್ನೂ ಆಡಿಸಿ ನೋಡಿ.